ಯಜಮಾನರು ಆಟಿಸಂ ಸಂಸ್ಥೆಗಾಗಿ ಮ್ಯಾರಥಾನ್ ಓಡುತ್ತಾರೆ, ಮಗನ ವಿಷಯ ಎಲ್ಲರಿಗೂ ಹೇಳಬೇಕಾ?

ರೆಡಿಂಗ್ (ಊರು ದಾವಣಗೆರೆ):
ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ತುಂಬಾ ಯೋಚಿಸಿ ಬರೆಯುತ್ತಿದ್ದೇನೆ. ನಮ್ಮ ಮಗನಿಗೆ ಐದು ವರ್ಷ. ಕಳೆದ ವರ್ಷ ಆಟಿಸಂ (ಮಾತು, ಜನರ ಜೊತೆ ಬೆರೆಯುವುದು ಬೇರೆ ರೀತಿ ಬೆಳೆಯುವ ಹುಟ್ಟು ಸ್ಥಿತಿ) ಎಂದು ಗೊತ್ತಾಯಿತು. ಮಾತು ಕಡಿಮೆ, ನಿದ್ದೆ ಇನ್ನೂ ಕಡಿಮೆ. ಯಜಮಾನರಿಗೆ ಲಂಡನ್ ಮ್ಯಾರಥಾನ್‌ನಲ್ಲಿ ಒಂದು ಆಟಿಸಂ ಸಂಸ್ಥೆಯ ಕಡೆಯಿಂದ ಜಾಗ ಸಿಕ್ಕಿದೆ. ನಮ್ಮಂಥ ಅಪ್ಪ ಅಮ್ಮಂದಿರಿಗೆ ಸಹಾಯ ಮಾಡುವ ಸಂಸ್ಥೆ. ಅದಕ್ಕೆ ಸಂಸ್ಥೆಗೆ 2,000 ಪೌಂಡ್ ದೇಣಿಗೆ ಸೇರಿಸಿ ಕೊಡಬೇಕು. ದೇಣಿಗೆ ಪುಟದಲ್ಲಿ ಮಗನ ಫೋಟೋ ಹಾಕೋಣ, ಆಗಲೇ ಜನ ಕೊಡುತ್ತಾರೆ ಎನ್ನುತ್ತಾರೆ. ಊರಲ್ಲಿ ಅತ್ತೆ ಮಾವನಿಗೆ ಇನ್ನೂ ಏನೂ ಹೇಳಿಲ್ಲ. ಆ ಪುಟ ವಾಟ್ಸಾಪ್‌ನಲ್ಲಿ ತಿರುಗಿ ಅವರ ಫೋನಿಗೆ ಹೋದರೆ?

ಇನ್ನೊಂದು ಚಿಂತೆ. ಭಾನುವಾರ ಅವರು ಮೂರು ಗಂಟೆ ಓಡಲು ಹೋಗುತ್ತಾರೆ. ಏಪ್ರಿಲ್ ಹತ್ತಿರ ಬಂದ ಹಾಗೆ 30 ಕಿಲೋಮೀಟರ್‌ವರೆಗೆ ಹೋಗಬೇಕಂತೆ. ಅಷ್ಟು ಹೊತ್ತು ನಾನೊಬ್ಬಳೇ ಮಗನ ಜೊತೆ. ವಾರದ ಐದು ದಿನವೂ ಹಾಗೇ. ಬೇಡ ಎನ್ನಲು ಮನಸ್ಸಿಲ್ಲ, ಓಡಿ ಬಂದ ದಿನ ಅವರ ಮುಖ ಬೇರೆಯೇ ಇರುತ್ತದೆ. ಏನು ಮಾಡಲಿ? ಶಾಲೆಯಲ್ಲಿ ಸಹಾಯ ಹೇಗೆ ಕೇಳುವುದು ಅಂತಲೂ ಯಾರಾದರೂ ತಿಳಿಸಿ.

ಹ್ಯಾರೋ (ಊರು ಮೈಸೂರು):
ಅಭಿನಂದನೆಗಳು! 2026ರ ಓಟಕ್ಕೆ ಲಾಟರಿಯಲ್ಲಿ 11 ಲಕ್ಷಕ್ಕೂ ಜಾಸ್ತಿ ಜನ ಅರ್ಜಿ ಹಾಕಿದ್ದರು. ಜಾಗ ಸಿಗುವುದೇ ದೊಡ್ಡದು. ನಾನೂ ಓಡಿದ್ದೇನೆ. ಗ್ರಿನಿಚ್ ಕಡೆಯಿಂದ ಹೊರಟು ಟವರ್ ಬ್ರಿಡ್ಜ್ ದಾಟುವಾಗ ಇನ್ನೂ ಅರ್ಧ ಬಾಕಿ ಇರುತ್ತದೆ. ಅಲ್ಲಿನ ಜನರ ಕೂಗು ಜೀವಮಾನಕ್ಕೆ ಮರೆಯುವುದಿಲ್ಲ. ಮೊದಲು ವೇಗವಾಗಿ ಹೋಗಬೇಡಿ ಎಂದು ಯಜಮಾನರಿಗೆ ಹೇಳಿ. ಶೂ ಅರ್ಧ ಸೈಜ್ ದೊಡ್ಡದು ತೆಗೆದುಕೊಳ್ಳಲಿ.

ಮಿಲ್ಟನ್ ಕೀನ್ಸ್ (ಊರು ಹಾಸನ):
ಫೋಟೋ ಬೇಕೇ ಬೇಕು ಅಂತೇನಿಲ್ಲ. ನನ್ನ ತಮ್ಮ ಓಡುವ ಬಟ್ಟೆಯಲ್ಲಿ ತನ್ನದೇ ಫೋಟೋ ಹಾಕಿ, ‘ನನಗೆ ತುಂಬಾ ಬೇಕಾದ ಒಂದು ಮನೆಗಾಗಿ’ ಎಂದಷ್ಟೇ ಬರೆದಿದ್ದ. ದುಡ್ಡು ಬಂತು. ಇಲ್ಲಿ ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಟಿಕ್ ಮಾಡಿದರೆ ಒಂದು ಪೌಂಡ್‌ಗೆ 25 ಪೆನ್ಸ್ ಸರ್ಕಾರ ಸೇರಿಸುತ್ತದೆ. ಆದರೆ ಎಷ್ಟೋ ಸಂಸ್ಥೆಗಳು 2,000ದ ಲೆಕ್ಕಕ್ಕೆ ಅದನ್ನು ಹಿಡಿಯುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಆಫೀಸಿನವರು ಅಷ್ಟೇ ಮೊತ್ತ ಸೇರಿಸುತ್ತಾರಾ ಎಂದೂ ವಿಚಾರಿಸಿ.

ಶಾಲೆಗೆ: ಇಎಚ್‌ಸಿ ಪ್ಲಾನ್‌ಗೆ (ಮಗುವಿಗೆ ಯಾವ ವಿಶೇಷ ಸಹಾಯ ಕೊಡಬೇಕು ಎಂದು ಬರೆದಿಡುವ ಕಾನೂನುಬದ್ಧ ದಾಖಲೆ) ನೀವೇ ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತಕ್ಕೆ, ಪತ್ರ ಬರೆಯಬಹುದು, ಶಾಲೆಗೆ ಕಾಯಬೇಕಿಲ್ಲ. ಮೌಲ್ಯಮಾಪನ ಮಾಡುತ್ತೇವೋ ಇಲ್ಲವೋ ಎಂದು 6 ವಾರದಲ್ಲಿ ಹೇಳಬೇಕು. ಪ್ಲಾನ್ ಕೊಡುವುದಾದರೆ 20 ವಾರದೊಳಗೆ ಮುಗಿಸಬೇಕು. ಇದು ಇಂಗ್ಲೆಂಡಿನ ಕಾನೂನು. ಡಿಎಲ್‌ಎಗೂ (ಅಂಗವೈಕಲ್ಯ ಇರುವ ಮಕ್ಕಳಿಗಾಗಿ ಸರ್ಕಾರ ಕೊಡುವ ಹಣ) ಈಗಲೇ ಅರ್ಜಿ ಹಾಕಿ.

ಬರ್ಮಿಂಗ್‌ಹ್ಯಾಮ್ (ಊರು ಶಿವಮೊಗ್ಗ):
ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಓಟ ಬಿಟ್ಟುಬಿಡಿ. ಆ ಮಗುವಿಗೆ ಭಾನುವಾರ ಅಪ್ಪ ಬೇಕು. ಮಗುವನ್ನು ತೋರಿಸಿ ದುಡ್ಡು ಕೇಳುವುದು ನನಗೆ ಒಪ್ಪಿಗೆಯಿಲ್ಲ. ಇಂಟರ್ನೆಟ್‌ಗೆ ಹೋದದ್ದು ಅಳಿಸುವುದಿಲ್ಲ. ನಾಳೆ ಅವನು ಇಪ್ಪತ್ತೈದರ ಹುಡುಗ ಆದಾಗ, ನನ್ನನ್ನು ಕೇಳದೆ ಯಾಕೆ ಹಾಕಿದಿರಿ ಎಂದರೆ ಏನು ಹೇಳುತ್ತೀರಿ? ಇನ್ನೊಂದು ಮಾತು. ಊರಿಗೆ ವಾಪಸ್ ಹೋಗಿ. ಅಜ್ಜಿ, ತಾತ, ದೊಡ್ಡಮ್ಮ ಇರುವ ಮನೆಯಲ್ಲಿ ಮಗು ತಾನಾಗಿ ಮಾತು ಕಲಿಯುತ್ತದೆ. ಇಲ್ಲಿ ನಾಲ್ಕು ಗೋಡೆ, ಒಂದು ಐಪ್ಯಾಡ್.

ಲೀಡ್ಸ್ (ಊರು ಧಾರವಾಡ):
ಸರ್, ನಿಮ್ಮ ಮೇಲೆ ಗೌರವ ಇದೆ. ಆದರೆ ಐಪ್ಯಾಡ್‌ನಿಂದ ಆಟಿಸಂ ಬರುವುದಿಲ್ಲ, ಅಜ್ಜಿ ಮನೆಯಿಂದ ಹೋಗುವುದೂ ಇಲ್ಲ. ನನ್ನ ಮಗಳು ಈಗ ಕಾಲೇಜಿಗೆ ಹೋಗುತ್ತಿದ್ದಾಳೆ, ಅವಳಿಗೂ ಆಟಿಸಂ ಇದೆ. ಅವಳು ಚಿಕ್ಕವಳಿದ್ದಾಗ ನಾವೂ ಇದೇ ಮಾತು ಕೇಳಿ ಊರಿಗೆ ಹೋಗಿದ್ದೆವು. ಒಂದೊಂದು ಶಾಲೆಯವರೂ ಬಾಗಿಲಲ್ಲೇ ವಾಪಸ್ ಕಳಿಸಿದರು. ಮದುವೆ ಮನೆಯಲ್ಲಿ ಅವಳು ಕಿವಿ ಮುಚ್ಚಿಕೊಂಡು ಕೂಗಿದಾಗ, ಹೊರಗೆ ಕರೆದುಕೊಂಡು ಹೋಗಿ ಎಂದವರೂ ಮನೆಯವರೇ.

ಬರ್ಮಿಂಗ್‌ಹ್ಯಾಮ್:
ಅಮ್ಮಾ, ನಾನು ಐಪ್ಯಾಡ್‌ನಿಂದ ಬಂತು ಎನ್ನಲಿಲ್ಲ. ಮಗುವಿಗೆ ಜನ ಬೇಕು ಎಂದೆ. ನನ್ನ ಮಕ್ಕಳು ಇಲ್ಲೇ ಬೆಳೆದರು. ಈಗ ಅಜ್ಜಿ ಫೋನ್ ಮಾಡಿದರೆ ಎರಡು ಮಾತು ಬರುವುದಿಲ್ಲ. ಆ ನೋವು ನನಗೆ ಗೊತ್ತು.

ಬೆಂಗಳೂರು (ಎಂಟು ವರ್ಷ ಕೊವೆಂಟ್ರಿಯಲ್ಲಿದ್ದು ವಾಪಸ್ ಬಂದವರು):
ಲೀಡ್ಸ್ ಅಕ್ಕ ಹೇಳಿದ ಕಾಲ ಸ್ವಲ್ಪ ಬದಲಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ನಿಮ್ಹಾನ್ಸ್ ಇದೆ, ಖಾಸಗಿ ಥೆರಪಿ ಕೇಂದ್ರಗಳೂ ಜಾಸ್ತಿಯಾಗಿವೆ. ಆದರೆ ಖರ್ಚು ಪೂರ್ತಿ ಕೈಯಿಂದ, ಟ್ರಾಫಿಕ್‌ನಲ್ಲಿ ದಿನ ಕಳೆಯುತ್ತದೆ. ಸುಮ್ನೆ ಯಾರೋ ಹೇಳಿದರು ಅಂತ ಮನೆ ಕಿತ್ತುಕೊಂಡು ಬರಬೇಡಿ.

ಸ್ಲೌ (ಊರು ಮಂಗಳೂರು):
ಭಾಷೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮನೆಯಲ್ಲಿ ಕನ್ನಡ ಬಿಡಬೇಡಿ. ನನ್ನ ಮಗನ ನರ್ಸರಿಯಲ್ಲಿ ಒಬ್ಬರು, ಇಂಗ್ಲಿಷ್ ಒಂದೇ ಮಾತಾಡಿ, ಅವನಿಗೆ ಗೊಂದಲ ಆಗುತ್ತದೆ ಎಂದಿದ್ದರು. ಆಮೇಲೆ ಸ್ಪೀಚ್ ಥೆರಪಿಸ್ಟ್ ಅದನ್ನು ತಳ್ಳಿಹಾಕಿದರು. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲ ಎಂದು ಸಂಶೋಧನೆಗಳೂ ಹೇಳುತ್ತವೆ. ಅಮ್ಮನಿಗೆ ಪ್ರೀತಿ ಬರುವ ಭಾಷೆಯಲ್ಲಿ ಅಮ್ಮ ಮಾತಾಡಲಿ.

ಹ್ಯಾರೋ:
ಓಟ ಬಿಡಿ ಎಂದವರಿಗೆ ಒಂದು ಮಾತು. 1962ರಲ್ಲಿ ಲಂಡನ್‌ನಲ್ಲಿ ಕೆಲವು ಅಪ್ಪ ಅಮ್ಮಂದಿರು ಸೇರಿ ಕಟ್ಟಿದ್ದೇ ಇಂದಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ. ಮೂರು ವರ್ಷದಲ್ಲಿ ಈಲಿಂಗ್‌ನಲ್ಲಿ ಶಾಲೆಯನ್ನೇ ತೆರೆದರು. ಆಗ ಅವರೂ ಮಕ್ಕಳ ವಿಷಯ ಬಾಯಿಬಿಟ್ಟು ಹೇಳಿದ್ದಕ್ಕೇ ತಾನೇ ದುಡ್ಡು ಸೇರಿದ್ದು? ಮುಚ್ಚಿಟ್ಟುಕೊಂಡು ನಾವು ಯಾರಿಗೆ ಒಳ್ಳೆಯದು ಮಾಡುತ್ತಿದ್ದೇವೆ?

ಬರ್ಮಿಂಗ್‌ಹ್ಯಾಮ್:
ದೊಡ್ಡವರು ತಮ್ಮ ಕಷ್ಟ ಹೇಳಿಕೊಳ್ಳುವುದು ಬೇರೆ, ಐದು ವರ್ಷದ ಮಗುವಿನ ಮುಖ ಹಾಕುವುದು ಬೇರೆ. ನಾನು ಇದರಲ್ಲಿ ಬದಲಾಗುವುದಿಲ್ಲ.

ಲೀಡ್ಸ್:
ಮುಖ ಹಾಕಬೇಡಿ ಎನ್ನುವುದಕ್ಕೆ ನನ್ನದೂ ಒಪ್ಪಿಗೆ. ಆದರೆ ಅಪ್ಪ ಓಡಲಿ. ನಮ್ಮ ಮನೆಯವರು ಆ ವರ್ಷಗಳಲ್ಲಿ ಏನೂ ಮಾತಾಡದೆ ಒಳಗೊಳಗೇ ಕುಗ್ಗಿದರು. ಗಂಡಸರ ದುಃಖ ಯಾರೂ ಕೇಳುವುದಿಲ್ಲ. ರೆಡಿಂಗ್ ತಂಗಿ, ನಿಮಗೆ ಒಂದೇ ಮಾತು. ಅವರು ಓಡುವಷ್ಟೇ ಗಂಟೆ ನಿಮಗೂ ಬರೆದಿಟ್ಟುಕೊಳ್ಳಿ. ಅವರು ಬೆಳಿಗ್ಗೆ ಮೂರು ಗಂಟೆ ಹೋದರೆ, ಮಧ್ಯಾಹ್ನ ಮೂರು ಗಂಟೆ ನೀವು ಮನೆಯಿಂದ ಹೊರಗೆ. ಒಬ್ಬರೇ ಕಾಫಿ ಕುಡಿಯಿರಿ, ನಿದ್ದೆ ಮಾಡಿ, ಏನಾದರೂ ಸರಿ. ಮನೆಯಲ್ಲೇ ಇದ್ದರೆ ಅದು ಬಿಡುವು ಅಲ್ಲ, ಮಗು ನಿಮ್ಮನ್ನೇ ಹುಡುಕಿಕೊಂಡು ಬರುತ್ತದೆ.

ಕೇಂಬ್ರಿಡ್ಜ್ (ಊರು ಬಳ್ಳಾರಿ):
ಪೂರ್ತಿ ಮ್ಯಾರಥಾನೇ ಯಾಕೆ? ರೆಡಿಂಗ್‌ನಲ್ಲೇ ಹಾಫ್ ಮ್ಯಾರಥಾನ್ ಇದೆ. 21 ಕಿಲೋಮೀಟರ್‌ಗೆ ತಯಾರಿ ಅರ್ಧ ಸಾಕು. ಮಗನಿಗೂ ಓಡುವ ಆಸೆ ಇದ್ದರೆ ಜೂನಿಯರ್ ಪಾರ್ಕ್‌ರನ್ ನೋಡಿ. ಭಾನುವಾರ ಬೆಳಿಗ್ಗೆ, 4ರಿಂದ 14 ವರ್ಷದ ಮಕ್ಕಳಿಗೆ, 2 ಕಿಲೋಮೀಟರ್, ಉಚಿತ. ಮಗು ನಿಂತರೂ ಯಾರೂ ಏನೂ ಅನ್ನುವುದಿಲ್ಲ.

ರೆಡಿಂಗ್:
ಎಲ್ಲರಿಗೂ ಧನ್ಯವಾದ. ಲೀಡ್ಸ್ ಅಕ್ಕನ ಮಾತು ಓದಿ ಅತ್ತುಬಿಟ್ಟೆ. ಯಜಮಾನರಿಗೂ ಓದಿಸಿದೆ. ಮಗನ ಫೋಟೋ, ಹೆಸರು ಎರಡೂ ಬೇಡ ಎಂದು ತೀರ್ಮಾನಿಸಿದೆವು. ಪುಟ ಹಾಕುವ ಮೊದಲು ಅತ್ತೆ ಮಾವನಿಗೆ ಅವರೇ ಫೋನ್‌ನಲ್ಲಿ ಹೇಳುತ್ತಾರೆ. ಡಿಎಲ್‌ಎ ಬಗ್ಗೆ ಯಾರಾದರೂ ಬಿಡಿಸಿ ಹೇಳುತ್ತೀರಾ? ನಾವು ಇನ್ನೂ ವರ್ಕ್ ವೀಸಾದಲ್ಲೇ ಇದ್ದೇವೆ.

ಬರ್ಮಿಂಗ್‌ಹ್ಯಾಮ್:
ಫೋನ್‌ನಲ್ಲಿ ಹೇಳುವ ವಿಷಯ ಅಲ್ಲ ಇದು. ಹೋಗಿ ಎದುರಿಗೆ ಕೂತು ಹೇಳಿ. ಹಿರಿಯರಿಗೆ ಅಷ್ಟು ಮರ್ಯಾದೆ ಕೊಡಬೇಕು.

ಹ್ಯಾರೋ:
ಏಪ್ರಿಲ್‌ಗೆ ಮೊದಲು ಹೋಗಿ ಬರುವುದು ಹೇಗೆ ಸರ್? ತರಬೇತಿ ತಪ್ಪುತ್ತದೆ, ಅಲ್ವಾ.

ಮಿಲ್ಟನ್ ಕೀನ್ಸ್:
ಅಯ್ಯೋ, ವೀಸಾ ವಿಷಯ ನೀವು ಹೇಳಿದ್ದು ಒಳ್ಳೆಯದಾಯಿತು. ‘ಪಬ್ಲಿಕ್ ಫಂಡ್ಸ್ ಇಲ್ಲ’ (ಸರ್ಕಾರದ ನೆರವಿನ ಹಣ ಪಡೆಯುವಂತಿಲ್ಲ) ಎಂಬ ಷರತ್ತು ನಿಮ್ಮ ವೀಸಾದಲ್ಲಿ ಇದ್ದರೆ ಡಿಎಲ್‌ಎಗೆ ಕೈ ಹಾಕಬೇಡಿ. ಅದು ಪಬ್ಲಿಕ್ ಫಂಡ್ಸ್ ಪಟ್ಟಿಯಲ್ಲಿದೆ, ತೆಗೆದುಕೊಂಡರೆ ವೀಸಾಗೆ ತೊಂದರೆ. ಶಾಲೆ ಮತ್ತು ಇಎಚ್‌ಸಿ ಪ್ಲಾನ್ ಆ ಪಟ್ಟಿಯಲ್ಲಿ ಇಲ್ಲ, ಅದನ್ನು ಧೈರ್ಯವಾಗಿ ಕೇಳಿ. ನಿಮ್ಮ ಕೌನ್ಸಿಲ್‌ನಲ್ಲಿ ಸೆಂಡಿಯಾಸ್ ಎಂಬ ಉಚಿತ ಸಲಹಾ ಸೇವೆ ಇರುತ್ತದೆ, ಪತ್ರ ಬರೆಯಲು ಅವರೇ ಸಹಾಯ ಮಾಡುತ್ತಾರೆ. ಪತ್ರದಲ್ಲಿ ಮಗನ ಒಳ್ಳೆಯ ದಿನಗಳ ಜೊತೆ ಕಷ್ಟದ ದಿನಗಳನ್ನೂ ಬಿಡದೆ ಬರೆಯಿರಿ. ರಾತ್ರಿ ಎಷ್ಟು ಸಲ ಏಳುತ್ತಾನೆ, ಊಟಕ್ಕೆ ಎಷ್ಟು ಹೊತ್ತು, ಯಾವ ಶಬ್ದಕ್ಕೆ ಹೆದರುತ್ತಾನೆ, ಎಲ್ಲ. ಬರೆದಾದ ಮೇಲೆ ನನಗೆ ಕಳಿಸಿ, ಓದಿ ಹೇಳುತ್ತೇನೆ.