ಹೊರಗಿಂದ ಬಂದ ರೋಗ ಮತ್ತು ಕಾಡುಮೊಲ: ನಮ್ಮ ಕಡೆಯ ಮೊಲಕ್ಕೂ ಅಪಾಯ ಇದೆಯಾ?

ಆಲೂರು_ತೋಟ

ಆಲೂರು ತಾಲೂಕಿನಲ್ಲಿ ಕಾಫಿ ತೋಟದ ಅಂಚಿಗೆ ಸಾಕುಮೊಲದ ಶೆಡ್ ಇದೆ. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ ಎರಡೂ ಇವೆ. ಹಿಕ್ಕೆಯನ್ನು ಗಿಡದ ಬುಡಕ್ಕೆ ಹಾಕುತ್ತೇವೆ, ಸತ್ತದ್ದನ್ನು ತೋಟದ ಕೊನೆಯ ಗುಂಡಿಗೆ ಎಸೆಯುತ್ತೇವೆ. ಸಂಜೆ ಹೊತ್ತು ಕಾಡುಮೊಲಗಳು ಮೇಯೋದೂ ಅಲ್ಲೇ. ಆಸ್ಟ್ರೇಲಿಯಾದಲ್ಲಿ ಬೇಕಂತಲೇ ರೋಗ ಬಿಟ್ಟು ಕೋಟಿಗಟ್ಟಲೆ ಮೊಲ ಕೊಂದರು ಅಂತ ಓದಿದೆ. ಅಷ್ಟು ಸತ್ತ ಮೇಲೂ ಅಲ್ಲಿ ಮೊಲ ಉಳಿದದ್ದು ಹೇಗೆ? ಅಂಥದ್ದು ನಮ್ಮ ಶೆಡ್ಡಿಗೆ ಬಂದರೆ ಹೊರಗಿನ ಮೊಲಕ್ಕೂ ಹತ್ತುತ್ತಾ?

ವನ್ಯರೋಗ_ಹಾಸನ

ಅಲ್ಲಿ ಬಂದದ್ದು ಒಂದಲ್ಲ, ಎರಡು ರೋಗ. ಎರಡರ ದಾರಿಯೂ ಬೇರೆ.

ಮೊದಲನೆಯದು ಮಿಕ್ಸೊಮಾಟೋಸಿಸ್. ಈ ವೈರಸ್ಸಿನ ತವರು ಅಮೆರಿಕ ಖಂಡ. ಅಲ್ಲಿನ ಸಿಲ್ವಿಲಾಗಸ್ ಜಾತಿಯ ಮೊಲಗಳಲ್ಲಿ ಅದು ಒಂದು ಸಣ್ಣ ಗಂಟು ಎಬ್ಬಿಸಿ ಸುಮ್ಮನಾಗುತ್ತದೆ. ಯೂರೋಪಿನ ಮೊಲಕ್ಕೆ (ಆಸ್ಟ್ರೇಲಿಯಾದಲ್ಲಿ ಇರುವುದೂ, ನಿಮ್ಮ ಶೆಡ್ಡಿನದೂ ಇದೇ ಜಾತಿ) ಹತ್ತಿದರೆ ರೆಪ್ಪೆ, ಕಿವಿಯ ಬುಡ, ಗುದದ್ವಾರದ ಸುತ್ತ ಊದಿಕೊಂಡು, ಕಣ್ಣು ಮುಚ್ಚಿಹೋಗಿ, ಸುಮಾರು ಎರಡು ವಾರದೊಳಗೆ ಸಾವು. 1950ರಲ್ಲಿ ಆಸ್ಟ್ರೇಲಿಯಾದ ಮರ್ರೇ ನದಿ ಕಣಿವೆಯಲ್ಲಿ ಬಿಟ್ಟರು. ಮೊದಲು ಸಪ್ಪೆಯಾಗಿ ಕಂಡಿತು. ಆ ವರ್ಷದ ಕೊನೆಗೆ ಸೊಳ್ಳೆ ಎದ್ದದ್ದೇ ತಡ, ನದಿಗುಂಟ ಹಬ್ಬಿತು. ಸೋಂಕು ತಗುಲಿದ್ದರಲ್ಲಿ ಶೇ 99ಕ್ಕೂ ಹೆಚ್ಚು ಸತ್ತವು.

ಉಳಿದದ್ದು ಹೇಗೆ ಅನ್ನೋದಕ್ಕೆ ಉತ್ತರ ಸೊಳ್ಳೆಯಲ್ಲೇ ಇದೆ. ವೈರಸ್ ಸೊಳ್ಳೆಯೊಳಗೆ ಬೆಳೆಯುವುದಿಲ್ಲ, ಅದರ ಮೂತಿಗೆ ಅಂಟಿಕೊಂಡು ಹೋಗುತ್ತದೆ ಅಷ್ಟೆ. ಮೊಲ ಬೇಗ ಸತ್ತರೆ ಸೊಳ್ಳೆ ಕಚ್ಚುವುದಕ್ಕೆ ಸಿಗುವ ದಿನಗಳೂ ಕಮ್ಮಿ. ಮೂರು ನಾಲ್ಕು ವಾರ ನರಳುವ ಮೊಲದ ಚರ್ಮದಿಂದ ಹೆಚ್ಚು ಸೊಳ್ಳೆಗಳಿಗೆ ವೈರಸ್ ಸಿಗುತ್ತದೆ. ಹಾಗಾಗಿ ಕೆಲವೇ ವರ್ಷಗಳಲ್ಲಿ ಶೇ 70ರಿಂದ 95 ಕೊಲ್ಲುವ ಮಧ್ಯಮ ವೈರಸ್ ತಳಿಗಳೇ ಎಲ್ಲ ಕಡೆ ಮೇಲುಗೈ ಆದವು. ಬದುಕುಳಿದ ಮೊಲಗಳ ಮರಿಗಳಲ್ಲಿ ಹುಟ್ಟಿನಿಂದಲೇ ಬಂದ ನಿರೋಧಕ ಶಕ್ತಿಯೂ ಏರಿತು. ಆಸ್ಟ್ರೇಲಿಯಾದ ವೈರಸ್ ತಜ್ಞ ಫ್ರಾಂಕ್ ಫೆನ್ನರ್ ಮತ್ತು ಜೊತೆಗಾರರು ಅಲ್ಲಿನ ಯುರಾನಾ ಸರೋವರದ ಬಳಿಯ ಮೊಲಗಳಿಗೆ ವೈರಸ್ಸಿನ ಒಂದೇ ತಳಿಯನ್ನು ವರ್ಷವರ್ಷ ಕೊಟ್ಟು ನೋಡಿದರು. ಏಳು ಸುತ್ತು ರೋಗ ಹಾದುಹೋಗುವಷ್ಟರಲ್ಲಿ ಸಾವು ಶೇ 90ರಿಂದ ಶೇ 26ಕ್ಕೆ ಇಳಿದಿತ್ತು.

ಯೂರೋಪಿಗೆ ಇದು ಬಂದದ್ದು 1952ರಲ್ಲಿ, ಫ್ರಾನ್ಸಿನ ಒಬ್ಬ ವೈದ್ಯರು ತಮ್ಮ ಎಸ್ಟೇಟಿನ ಮೊಲಕಾಟಕ್ಕೆ ಅಂತ ಬಿಟ್ಟದ್ದರಿಂದ. ಬೇಲಿಯೊಳಗೇ ಇರುತ್ತೆ ಅಂದುಕೊಂಡಿದ್ದರು! ಮರುವರ್ಷವೇ ಬ್ರಿಟನ್ನಿನಲ್ಲಿ ಕಾಣಿಸಿತು. ಅಲ್ಲಿ ಸೊಳ್ಳೆಗಿಂತ ಚಿಗಟದ ಪಾತ್ರ ದೊಡ್ಡದು. ಸತ್ತ ಮೊಲದ ಮೈಯಿಂದ ಇಳಿದ ಚಿಗಟ ಅದೇ ಬಿಲದ ಇನ್ನೊಂದನ್ನು ಹತ್ತುತ್ತದೆ.

ಎರಡನೆಯದು ರಕ್ತಸ್ರಾವ ರೋಗ, ಆರ್‌ಎಚ್‌ಡಿ. 1984ರಲ್ಲಿ ಚೀನಾದ ಅಂಗೋರಾ ಮೊಲಗಳಲ್ಲಿ ಮೊದಲು ಗುರುತಿಸಿದರು. ಆಸ್ಟ್ರೇಲಿಯಾದವರು ವಾರ್ಡಾಂಗ್ ದ್ವೀಪದಲ್ಲಿ ಪರೀಕ್ಷೆಗೆ ಇಟ್ಟಿದ್ದಾಗ 1995ರಲ್ಲಿ ತಪ್ಪಿಸಿಕೊಂಡು ಮುಖ್ಯ ಭೂಮಿಗೆ ಬಂತು. ಒಣ ಪ್ರದೇಶದಲ್ಲಿ ಮೊಲ ಬಹುಪಾಲು ಖಾಲಿ. ತಂಪು, ಮಳೆ ಜಾಸ್ತಿ ಇರುವ ಕಡೆ ಅಷ್ಟು ನಡೆಯಲಿಲ್ಲ, ಏಕೆಂದರೆ ಅಲ್ಲಿನ ಮೊಲಗಳಲ್ಲಿ ಮೊದಲೇ ಇದ್ದ, ಆರ್‌ಎಚ್‌ಡಿ ವೈರಸ್ಸಿನ ಬಳಗದ್ದೇ ಆದ ನಿರಪಾಯಕಾರಿ ಕ್ಯಾಲಿಸಿವೈರಸ್ ಒಂದು ಅರೆಬರೆ ರಕ್ಷಣೆ ಕೊಡುತ್ತಿತ್ತು. ಎಳೆ ಮರಿಗಳು ಸೋಂಕು ತಗುಲಿದರೂ ಬದುಕಿ, ಆಮೇಲೆ ಜೀವಮಾನವಿಡೀ ಗಟ್ಟಿಯಾಗುತ್ತಿದ್ದವು. ಸಂಖ್ಯೆ ಮತ್ತೆ ಏರಲು ಇದೂ ಒಂದು ಕಾರಣ.

ಕಾವಲು_ಕಡೂರು

ಮೇಲಿನವರು ಹೇಳಿದ ಆ ಮರಿಗಳ ಲೆಕ್ಕ 2010ರ ನಂತರ ಬದಲಾಯಿತು. ಆ ವರ್ಷ ಫ್ರಾನ್ಸಿನಲ್ಲಿ ಕಂಡ ಎರಡನೇ ಮಾದರಿ, ಆರ್‌ಎಚ್‌ಡಿವಿ-2, ಎಳೆ ಮರಿಗಳನ್ನೂ ಕೊಲ್ಲುತ್ತದೆ. ನಮಗೆ ಮುಖ್ಯವಾದ ವಿಷಯ ಇನ್ನೊಂದು: ಅದು ಲೆಪಸ್ ಕುಲದ, ಅಂದರೆ ಇಂಗ್ಲಿಷಿನಲ್ಲಿ ಹೇರ್ ಅನ್ನುವ ಕಾಡುಮೊಲಗಳ, ಹಲವು ಜಾತಿಗಳಿಗೂ ದಾಟಿದೆ. ಯೂರೋಪಿನ ಕಂದು ಮೊಲದಲ್ಲೂ ಬೆಟ್ಟದ ಮೊಲದಲ್ಲೂ ಸಿಕ್ಕಿದೆ. 2020ರಲ್ಲಿ ಅಮೆರಿಕದ ನೈರುತ್ಯ ಭಾಗದ ಕಾಡುಮೊಲಗಳಿಗೆ, 2022ರಲ್ಲಿ ದಕ್ಷಿಣ ಆಫ್ರಿಕಾದ ಕಾಡುಮೊಲಗಳಿಗೆ ಬಂತು. ನಿಮ್ಮ ತೋಟದಲ್ಲಿ ಮೇಯುವ ಕಪ್ಪುಕತ್ತಿನ ಮೊಲವೂ ಲೆಪಸ್ಸೇ. ಆದ್ದರಿಂದ ಹತ್ತುತ್ತದೆ ಅಂದುಕೊಂಡೇ ಶೆಡ್ ನಡೆಸಿ.

ನಮ್ಮ ಮೊಲದ ಪರವಾಗಿ ಒಂದು ಅಂಶ ಇದೆ. ಅದು ಬಿಲ ತೋಡುವುದಿಲ್ಲ, ಗುಂಪಾಗಿ ಬಾಳುವುದಿಲ್ಲ, ಹುಲ್ಲಿನ ಮರೆಯಲ್ಲಿ ಒಂಟಿಯಾಗಿ ಮಲಗುತ್ತದೆ. ಬಿಲದೊಳಗೆ ಮೈಗೆ ಮೈ ತಾಗಿ ಹರಡುವ ದಾರಿ ಇಲ್ಲಿಲ್ಲ. ಆದರೆ ನೊಣಕ್ಕೆ ಬಿಲ ಬೇಕಿಲ್ಲ. ಹೆಣದ ಮೇಲೆ ಕೂತ ನೊಣ ಹುಲ್ಲಿನ ಮೇಲೆ ಉಗುಳಿ, ಹಿಕ್ಕೆ ಹಾಕಿದರೆ ಸಾಕು, ಆ ಹುಲ್ಲು ತಿಂದ ಮೊಲಕ್ಕೆ ವೈರಸ್ ತಲುಪುತ್ತದೆ.

ಮೊಲ ಕಮ್ಮಿಯಾದರೆ ಏನಾಗುತ್ತೆ ಅನ್ನೋದಕ್ಕೆ ಸ್ಪೇನ್ ನೋಡಿ. ಐಬೀರಿಯಾದ ಲಿಂಕ್ಸ್ ಬೆಕ್ಕಿನ ಆಹಾರದಲ್ಲಿ ಬಹುಪಾಲು ಮೊಲವೇ. ಎರಡು ರೋಗಗಳ ಹೊಡೆತ, ಆವಾಸ ನಾಶ ಎಲ್ಲ ಸೇರಿ 2002ರ ಹೊತ್ತಿಗೆ ಲಿಂಕ್ಸ್ ನೂರಕ್ಕಿಂತ ಕಡಿಮೆ ಉಳಿದಿದ್ದವು. ಬ್ರಿಟನ್ನಿನಲ್ಲಿ ಮೊಲ ಮೇಯದೆ ಹುಲ್ಲು ಎತ್ತರವಾಗಿ, ನೆಲ ತಂಪಾಗಿ, ಒಂದು ಜಾತಿಯ ಇರುವೆ ಕಮ್ಮಿಯಾಯಿತು. ಆ ಇರುವೆಯ ಗೂಡಿನಲ್ಲೇ ಬೆಳೆಯುವ ದೊಡ್ಡ ನೀಲಿ ಚಿಟ್ಟೆ 1979ರಲ್ಲಿ ಅಲ್ಲಿಂದ ಅಳಿಯಿತು. ಆಸ್ಟ್ರೇಲಿಯಾದಲ್ಲಿ ಇದಕ್ಕೆ ತಿರುಗುಮುರುಗು: ಅಲ್ಲಿ ಮೊಲವೇ ಹೊರಗಿನದು, ಹಾಗಾಗಿ ಅದು ಸತ್ತ ಕಡೆ ಸ್ಥಳೀಯ ಗಿಡ, ಸಣ್ಣ ಇಲಿಗಳು ಚೇತರಿಸಿಕೊಂಡವು. ಬಾಸೂರು ಕಾವಲಿನಂಥ ಹುಲ್ಲುಗಾವಲಿನಲ್ಲಿ ನರಿ, ಕಾಡುಬೆಕ್ಕು, ದೊಡ್ಡ ಗೂಬೆ ಎಲ್ಲಕ್ಕೂ ಮೊಲ ಬೇಕು. ನಾವು ಸ್ಪೇನಿನ ಸಾಲಿನವರು.

ಆಲೂರು_ತೋಟ

ಥ್ಯಾಂಕ್ಸ್ ಸರ್. ಹಾಗಾದರೆ ಆ ಗುಂಡಿ ಮತ್ತು ಗೊಬ್ಬರಕ್ಕೆ ಏನು ಮಾಡಬೇಕು? ಮಳೆಗಾಲದಲ್ಲಿ ಒಂದೊಂದು ಸಾಯೋದು ಇದ್ದದ್ದೇ.

ಪಶುವೈದ್ಯೆ_ಬೇಲೂರು

ಮಳೆಗಾಲದ ಸಾವೆಲ್ಲ ಆರ್‌ಎಚ್‌ಡಿ ಅಲ್ಲ. ಮರಿಗಳು ಭೇದಿಯಾಗಿ ಸೊರಗಿ ಸತ್ತು, ಲಿವರ್ ಮೇಲೆ ಬಿಳಿ-ಹಳದಿ ಗಂಟು ಇದ್ದರೆ ಮೊದಲ ಅನುಮಾನ ಕಾಕ್ಸಿಡಿಯೋಸಿಸ್ ಅನ್ನುವ ಪರಾವಲಂಬಿ ರೋಗ. ನಿನ್ನೆ ಚೆನ್ನಾಗಿ ತಿಂದ ದೊಡ್ಡ ಮೊಲಗಳು ಒಂದರ ಹಿಂದೊಂದು ಸತ್ತು, ಮೂಗಿನಲ್ಲಿ ರಕ್ತ, ಲಿವರ್ ಬಿಳಿಚಿ ಬಲೆಬಲೆಯಾಗಿ ಕಂಡರೆ ಆರ್‌ಎಚ್‌ಡಿ ಅಂತ ಶಂಕಿಸಿ. ಮೂಗಿನ ರಕ್ತ ಎಲ್ಲದರಲ್ಲೂ ಕಾಣದು, ಅದನ್ನೇ ಕಾಯಬೇಡಿ. ಮನೆಯಲ್ಲಿ ಕೊಯ್ಯಬೇಡಿ. ಇಡೀ ಹೆಣವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ಇಟ್ಟು, ಅದೇ ದಿನ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ತಲುಪಿಸಿ.

ಈ ವೈರಸ್ ಹೆಣದಲ್ಲಿ ಮೂರು ತಿಂಗಳು ಬದುಕಬಲ್ಲದು, ಆದ್ದರಿಂದ ತೆರೆದ ಗುಂಡಿ ಇವತ್ತೇ ಮುಚ್ಚಿ. ಹೊಸದನ್ನು ಎತ್ತರದ ಜಾಗದಲ್ಲಿ, ಬಾವಿ-ಹಳ್ಳದಿಂದ ದೂರ, ಐದಾರು ಅಡಿ ಆಳ ತೋಡಿಸಿ. ಆಷಾಢದಲ್ಲಿ ನೀರು ಒಸರುವ ತಗ್ಗು ಬೇಡ, ಹೆಣ ತೇಲಿ ಮೇಲೆ ಬರುತ್ತದೆ, ನಾಯಿ ನರಿ ಎಳೆದಾಡುತ್ತವೆ. ಮೇಲೆ ಸುಣ್ಣ, ಕನಿಷ್ಠ ಮೂರಡಿ ಮಣ್ಣು. ಸಾವು ಶುರುವಾದ ಶೆಡ್ಡಿನ ಹಿಕ್ಕೆಯನ್ನೂ ಗುಂಡಿಗೇ ಹಾಕಿ, ತೋಟಕ್ಕೆ ಬೇಡ. ಆರೋಗ್ಯವಾಗಿದ್ದಾಗಲೂ ಹಸಿ ಹಿಕ್ಕೆ ಹರಡದೆ, ಮುಚ್ಚಿದ ಗುಂಡಿಯಲ್ಲಿ ಆರು ತಿಂಗಳು ಕೊಳೆಸಿ.

ಪಂಜರ, ಬಟ್ಟಲು ಮೊದಲು ಸೋಪು ನೀರಲ್ಲಿ ಉಜ್ಜಿ. ಕೊಳೆ ಇದ್ದರೆ ಕ್ಲೋರಿನ್ ಅದರಲ್ಲೇ ಖರ್ಚಾಗಿಬಿಡುತ್ತದೆ. ಆಮೇಲೆ 10 ಲೀಟರ್ ನೀರಿಗೆ 160 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ಹತ್ತು ನಿಮಿಷ ಒದ್ದೆಯಾಗಿಯೇ ಬಿಟ್ಟು ತೊಳೆಯಿರಿ. ಸ್ಪಿರಿಟ್, ಸ್ಯಾನಿಟೈಸರ್ ನಂಬಬೇಡಿ, ಅವು ಒಡೆಯುವ ಕೊಬ್ಬಿನ ಹೊರಪೊರೆಯೇ ಈ ವೈರಸ್ಸಿಗೆ ಇಲ್ಲ.

ಕಾಡುಮೊಲ ಸತ್ತು ಬಿದ್ದಿದ್ದರೆ ಮುಟ್ಟದೆ ವಲಯ ಅರಣ್ಯಾಧಿಕಾರಿಗೆ ಹೇಳಿ. ವನ್ಯಜೀವಿ ಕಾಯ್ದೆಯ 39ನೇ ಕಲಂ ಪ್ರಕಾರ ಹೆಣವೂ ಸರ್ಕಾರದ ಸ್ವತ್ತು.

ಕಾವಲು_ಕಡೂರು

ಮೇಡಂ ಹೇಳಿದ 160 ಗ್ರಾಂ ಹೊಸ ಪೌಡರಿನ ಲೆಕ್ಕ. ಮಲೆನಾಡಿನ ತೇವಕ್ಕೆ ಬಾಯಿ ಬಿಚ್ಚಿಟ್ಟ ಚೀಲದಲ್ಲಿ ಕ್ಲೋರಿನ್ ಬೇಗ ಹೋಗುತ್ತೆ. ಘಾಟು ಇಲ್ಲದ, ಗಂಟುಕಟ್ಟಿದ ಪೌಡರ್ ಬಳಸಬೇಡಿ. ಸಣ್ಣ ಪ್ಯಾಕೆಟ್ ತಂದು, ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬದಲ್ಲಿ ಇಡಿ.