ಟ್ಯಾಗ್ ಒತ್ತಿದರೆ ಅರ್ಧ ಲಿಂಕ್‌ಗಳು ಮಾಯ. ದುಡ್ಡು ಕಟ್ಟಿದ್ದು ಇದಕ್ಕಾ?

ಗುಬ್ಬಿಗೂಡು: ಒಬ್ಬರೇ ನಡೆಸುವ ಪುಟ್ಟ ಬುಕ್‌ಮಾರ್ಕ್ (ಲಿಂಕ್ ಉಳಿಸಿಡೋ) ಸೇವೆಗೆ ವರ್ಷಕ್ಕಿಷ್ಟು ಅಂತ ಕಟ್ಟಿ ಬಳಸ್ತಿದ್ದೀನಿ. ‘ಲಿನಕ್ಸ್’ ಟ್ಯಾಗ್ ಒತ್ತಿದರೆ 212 ಲಿಂಕ್ ಬರುತ್ತೆ. ನಿನ್ನೆ ತಾನೇ ಉಳಿಸಿದ್ದು ಅದರಲ್ಲಿಲ್ಲ! ಶೀರ್ಷಿಕೆ ಹಾಕಿ ಹುಡುಕಿದರೆ ಸಿಗುತ್ತೆ. ಮೂರು ದಿನದಿಂದ ತಲೆ ಮೊಸರು ಗಡಿಗೆ ಆಗಿದೆ. ಯಾರಾದ್ರೂ ಹೇಳ್ರಪ್ಪ.

ಸರ್ವರ್‌ಸಾಮಿ: ಎಪಿಐ (ಪ್ರೋಗ್ರಾಂಗಳು ಸೇವೆ ಜೊತೆ ಮಾತಾಡೋ ದಾರಿ) ಲಿಮಿಟ್. ಬೇಗ ಬೇಗ ಕಳಿಸಿದ್ರೆ 429, ಅಂದ್ರೆ ‘ವಿನಂತಿ ಅತಿಯಾಯ್ತು’ ಅನ್ನೋ ಎರರ್, ಹೊಡೆಯುತ್ತೆ, ಟ್ಯಾಗ್ ಬರೆಯೋ ಮೊದಲೇ ನಿಂತಿರುತ್ತೆ. ಸ್ಕ್ರಿಪ್ಟ್‌ನಲ್ಲಿ ಎರಡು ಕರೆಗಳ ನಡುವೆ 3 ಸೆಕೆಂಡ್ ಬಿಡಿ.

ಗುಬ್ಬಿಗೂಡು: ಸ್ಕ್ರಿಪ್ಟ್ ಎಲ್ಲಿಂದ ಬಂತು ಸರ್? ಕೈಯಲ್ಲೇ ಉಳಿಸೋದು.

ಸರ್ವರ್‌ಸಾಮಿ: ಬ್ರೌಸರ್ ಎಕ್ಸ್‌ಟೆನ್ಶನ್ ಒಳಗೂ ಎಪಿಐನೇ ಓಡೋದು. 429 ನೋಡಿ ಮೊದಲು.

ಹಳೇಟ್ಯಾಬ್: ಟ್ಯಾಗ್ ನಡುವೆ ಜಾಗ ಬಿಟ್ಟಿರ್ತೀರ. ಇಂಥ ಸೇವೆಗಳಲ್ಲಿ ಸ್ಪೇಸ್ ಅಂದ್ರೆ ಹೊಸ ಟ್ಯಾಗ್. ‘ಹಳೆ ಫಾಂಟ್’ ಅಂತ ಕೊಟ್ರೆ ‘ಹಳೆ’ ಬೇರೆ, ‘ಫಾಂಟ್’ ಬೇರೆ.

ಗುಬ್ಬಿಗೂಡು: ‘ಲಿನಕ್ಸ್’ ಒಂದೇ ಪದ ಅಲ್ವಾ.

ಡಬ್ಬಿಸರ್ವರ್: ಇದಕ್ಕೇ ಹೇಳೋದು, ಇನ್ನೊಬ್ಬರ ಮನೆಯಲ್ಲಿ ಸಾಮಾನು ಇಡಬೇಡಿ ಅಂತ. ಡೆಲಿಷಿಯಸ್ ಅನ್ನೋ ಬುಕ್‌ಮಾರ್ಕ್ ಸೇವೆ 2003ರಲ್ಲಿ ಹುಟ್ಟಿ, ಯಾಹೂ ಕೈಗೆ ಹೋಗಿ, ಕೈ ಬದಲಾಯಿಸ್ತಾ ಬದಲಾಯಿಸ್ತಾ ಮುಗೀತು. ಪಾಕೆಟ್ ಅಂತ ಇನ್ನೊಂದು, ಅದು 2025ರ ಜುಲೈಯಲ್ಲಿ ಬಾಗಿಲು ಹಾಕ್ತು. ನಂದು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಲಿಂಕ್‌ಡಿಂಗ್ (ನಾವೇ ನಡೆಸ್ಕೊಳ್ಳೋ ಬುಕ್‌ಮಾರ್ಕ್ ತಂತ್ರಾಂಶ), 14 ಸಾವಿರ ಲಿಂಕ್, ರಾತ್ರಿ ಎರಡಕ್ಕೆ ಬ್ಯಾಕಪ್.

ಹಳೇಟ್ಯಾಬ್: ಆ ಡೆಲಿಷಿಯಸ್‌ನ 2017ರಲ್ಲಿ ಕೊಂಡಿದ್ದು ಯಾರು? ಒಬ್ಬರೇ ನಡೆಸೋ ಪಿನ್‌ಬೋರ್ಡ್. ದುಡ್ಡು ತಗೊಳ್ಳೋರು ಉಳೀತಾರೆ, ಪುಕ್ಕಟೆ ಕೊಟ್ಟೋರು ಹೋಗ್ತಾರೆ. ನಿಮ್ಮ ಪೈಯ ಎಸ್‌ಡಿ ಕಾರ್ಡ್ ಸುಟ್ಟ ದಿನ ಮಾತಾಡೋಣ.

ಡಬ್ಬಿಸರ್ವರ್: ಕಾರ್ಡ್ ಅಲ್ಲ ಸ್ವಾಮಿ, ಎಸ್‌ಎಸ್‌ಡಿ.

ಮಿಂಚುಳ್ಳಿ: ಜಗಳ ಆಮೇಲೆ. ಗುಬ್ಬಿಗೂಡು, ಬೇರೆ ಟ್ಯಾಗ್‌ಗಳೂ ಹೀಗೇನಾ?

ಗುಬ್ಬಿಗೂಡು: ‘ಬ್ಯಾಕಪ್’, ‘ಫಾಂಟ್’ ಹೀಗೇ. ‘ಕವಿತೆ’, ‘ಇತಿಹಾಸ’ ಸರಿಯಾಗಿವೆ. ಅಂದಹಾಗೆ ಪಕ್ಕದ ಪಟ್ಟಿಯಲ್ಲಿ ‘ಲಿನಕ್ಸ್’ ಎರಡು ಸಲ ಇದೆ, 212 ಮತ್ತು 87. ಮೊದಲಿಂದ್ಲೂ ಹಾಗೇ ಇದೆ, ಅದು ಡಿಸ್‌ಪ್ಲೇ ತೊಂದರೆ ಅಂದ್ಕೊಂಡಿದ್ದೆ.

ಮಿಂಚುಳ್ಳಿ: ಅಯ್ಯೋ ಮಾರಾಯ್ರೆ, ಇದನ್ನ ಮೊದಲೇ ಹೇಳೋದಲ್ವಾ! ಕೆಟ್ಟವೆಲ್ಲ ಅರ್ಧಾಕ್ಷರದಲ್ಲಿ ಮುಗಿಯೋ ಪದಗಳು ನೋಡಿ. ಫೋನಿಂದಲೂ ಉಳಿಸ್ತೀರಾ?

ಗುಬ್ಬಿಗೂಡು: ಹೌದು, ಬಸ್ಸಲ್ಲೆಲ್ಲ ಫೋನೇ.

ಮಿಂಚುಳ್ಳಿ: ಎರಡನೇ ‘ಲಿನಕ್ಸ್’ ಒತ್ತಿ, ಅಡ್ರೆಸ್ ಬಾರ್‌ನಿಂದ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಕೊನೆಯಲ್ಲಿ %E2%80%8C ಇದ್ರೆ ಅದೇ ಕಳ್ಳ. ಝೀರೋ ವಿಡ್ತ್ ನಾನ್ ಜಾಯಿನರ್, ಅಂದ್ರೆ ಅಕ್ಷರಗಳು ಕೂಡಿ ಒತ್ತಾಗದಂತೆ ತಡೆಯೋ ಅಕ್ಷರ. ಮುಂದೆ ‘ನಲ್ಲಿ’ ಸೇರಿಸಿದ್ರೆ ನ ಒತ್ತಾಗಬಾರದು ಅಂತ ಕೆಲವು ಕೀಬೋರ್ಡ್‌ಗಳು ತಾವೇ ಹಾಕಿಡುತ್ತವೆ. ಕಣ್ಣಿಗೆ ಕಾಣಲ್ಲ. ಒಂದು ‘ಲಿನಕ್ಸ್’ ಉದ್ದ 7, ಇನ್ನೊಂದರದ್ದು 8. ಕಂಪ್ಯೂಟರಿಗೆ ಎರಡೂ ಬೇರೆ ಬೇರೆ.

ಸರ್ವರ್‌ಸಾಮಿ: ಸೇವೆಯವರು ಎನ್‌ಎಫ್‌ಸಿ (ಒಂದೇ ಅಕ್ಷರದ ಬೇರೆ ಬೇರೆ ಸಂಕೇತಗಳನ್ನ ಒಂದೇ ರೂಪಕ್ಕೆ ತರೋ ಯೂನಿಕೋಡ್ ವಿಧಾನ) ಮಾಡಿದ್ರೆ ಸರಿಹೋಗ್ತಿತ್ತು.

ಮಿಂಚುಳ್ಳಿ: ಇಲ್ಲ, ಎನ್‌ಎಫ್‌ಸಿ ಅದನ್ನ ಮುಟ್ಟಲ್ಲ.

ಸರ್ವರ್‌ಸಾಮಿ: ಹಾಗಾದ್ರೆ ಎಕ್ಸ್‌ಪೋರ್ಟ್ ಮಾಡಿ, ಆ ಅಕ್ಷರ ಪೂರ್ತಿ ಕಿತ್ತಾಕಿ, ಮತ್ತೆ ಇಂಪೋರ್ಟ್ ಮಾಡಿ. ಐದು ನಿಮಿಷದ ಕೆಲಸ.

ಗುಬ್ಬಿಗೂಡು: ಮಾಡಿದೆ. ‘ಲಿನಕ್ಸ್’ ಒಂದಾಯ್ತು. ಆದ್ರೆ ‘ಸಾಫ್ಟ್‌ವೇರ್’ ಇದ್ದದ್ದು ‘ಸಾಫ್ಟ್ವೇರ್’ ಆಗಿ ಕೂತಿದೆ, ಶೀರ್ಷಿಕೆಗಳೆಲ್ಲ ಗೊಜ್ಜಾಗಿವೆ!

ಮಿಂಚುಳ್ಳಿ: ಪದದ ನಡುವೆ ಅದು ಬೇಕೇಬೇಕು, ಪೂರ್ತಿ ತೆಗೀಬಾರದು. ಹಳೇ ಎಕ್ಸ್‌ಪೋರ್ಟ್ ಫೈಲ್ ಇದೆ ತಾನೇ? ಅದರಲ್ಲಿ ಟ್ಯಾಗ್‌ಗಳ ನಡುವೆ ಕಾಮಾ ಇರುತ್ತೆ. ಆ ಅಕ್ಷರ ಆದ ತಕ್ಷಣ ಕಾಮಾ ಬಂದಿದ್ರೆ ಬರೀ ಕಾಮಾ ಉಳಿಸಿ. ಕೊನೇ ಟ್ಯಾಗ್ ಆದ್ಮೇಲೆ ಉದ್ಧರಣ ಚಿಹ್ನೆ ಬರುತ್ತಲ್ಲ, ಅಲ್ಲೂ ಹಾಗೇ. ಬೇರೆಲ್ಲೂ ಕೈ ಹಾಕಬೇಡಿ. ಈಗಿರೋದನ್ನೆಲ್ಲ ಅಳಿಸಿ ಅದನ್ನ ಏರಿಸಿ.

ಡಬ್ಬಿಸರ್ವರ್: ಈಗ ನೋಡ್ದೆ, ನಂದರಲ್ಲೂ ‘ಫಾಂಟ್’ ಎರಡಿದೆ. ಛೆ.

ಹಳೇಟ್ಯಾಬ್: ಎಸ್‌ಎಸ್‌ಡಿ ಮೇಲೇನಾ?

ಗುಬ್ಬಿಗೂಡು: ಎಲ್ಲಾ ಸರಿಹೋಯ್ತು, ಮಿಂಚುಳ್ಳಿಯವರಿಗೆ ದೊಡ್ಡ ನಮಸ್ಕಾರ. ‘ಲಿನಕ್ಸ್’ 299.

ಗುಬ್ಬಿಗೂಡು: ಈಗಷ್ಟೇ ಫೋನಿಂದ ಒಂದು ಉಳಿಸಿದೆ. ‘ಲಿನಕ್ಸ್’ 299. ‘ಲಿನಕ್ಸ್’ 1.