ಅಮೆರಿಕದ ಸೆಕ್ಯೂರಿಟಿ ಕ್ಲಿಯರೆನ್ಸ್ ಫಾರಂ: ಊರಿನಲ್ಲಿರುವ ಅಪ್ಪ ಅಮ್ಮನ ವಿವರ ಎಲ್ಲಿಗೆ ಹೋಗುತ್ತದೆ?

ತುಂಗಾತೀರ_ಮೇರಿಲ್ಯಾಂಡ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ ಇತ್ತೀಚೆಗೆ ಅಮೆರಿಕದ ಪೌರತ್ವ ಬಂತು. ಈಗ ನಮ್ಮ ಕಂಪನಿಗೆ ರಕ್ಷಣಾ ಇಲಾಖೆಯ ಕಾಂಟ್ರಾಕ್ಟ್ ಸಿಕ್ಕಿದೆ. ಅದರಲ್ಲಿ ಕೆಲಸ ಮಾಡಲು ಕ್ಲಿಯರೆನ್ಸ್, ಅಂದರೆ ಗುಪ್ತ ಮಾಹಿತಿ ನೋಡಲು ಸರ್ಕಾರದ ಅನುಮತಿ ಬೇಕು, ಅದಕ್ಕೆ ಎಸ್‌ಎಫ್-86 ಅನ್ನುವ ಫಾರಂ ತುಂಬಿ ಅಂತ ಹೇಳಿದ್ದಾರೆ. ಕೂತು ತುಂಬುತ್ತಿದ್ದೇನೆ, ಮುಗಿಯುತ್ತಲೇ ಇಲ್ಲ. ಹತ್ತು ವರ್ಷದಲ್ಲಿ ಎಲ್ಲೆಲ್ಲಿ ಮನೆ ಮಾಡಿದ್ದೆ, ಎಲ್ಲೆಲ್ಲಿ ಕೆಲಸ ಮಾಡಿದೆ, ಏಳು ವರ್ಷದಲ್ಲಿ ಯಾವ ದೇಶಕ್ಕೆ ಹೋಗಿ ಬಂದೆ, ಸಾಲ ಎಷ್ಟಿದೆ, ಎಲ್ಲಾ ಬೇಕು. ಅದು ನನ್ನ ವಿಷಯ, ಬರೆದುಕೊಡುತ್ತೇನೆ.

ಆದರೆ ಶಿವಮೊಗ್ಗದ ಅಪ್ಪ ಅಮ್ಮ, ಮೈಸೂರಿನ ಅಕ್ಕ, ಅತ್ತೆ ಮಾವ, ಎಲ್ಲರ ಹುಟ್ಟಿದ ತಾರೀಖು, ಊರು, ವಿಳಾಸ, ಕೆಲಸ ಕೇಳುತ್ತಾರೆ. ನಾನು ಅವರ ಜೊತೆ ಎಷ್ಟು ಸಲ ಮಾತಾಡುತ್ತೇನೆ, ಫೋನಿನಲ್ಲಾ ಎದುರಿಗಾ ಅಂತಲೂ ಬರೆಯಬೇಕು. ಅಪ್ಪ ಪಿಡಬ್ಲ್ಯುಡಿಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಸಂಬಂಧಿಕರಿಗೆ ಬೇರೆ ದೇಶದ ಸರ್ಕಾರದ ಜೊತೆ ನಂಟಿದೆಯೇ ಅನ್ನುವ ಪ್ರಶ್ನೆಗೆ ಅದನ್ನೂ ಹೇಳಬೇಕು. ಅಪ್ಪನ ಜೊತೆ ಜಂಟಿಯಾಗಿ ತೆಗೆದುಕೊಂಡ ಸೈಟ್ ಕೂಡ ಬಿಡುವ ಹಾಗಿಲ್ಲ.

ಇದೇ ಫಾರಂಗಳು ಲಕ್ಷಾಂತರ ಕಳುವಾಗಿದ್ದು 2015ರಲ್ಲಿ ಬಯಲಾಯಿತು ಅಂತ ಓದಿದ್ದೆ. ಇಷ್ಟೆಲ್ಲ ಕೊಟ್ಟ ಮೇಲೆ ಯಾರು ಯಾರು ನೋಡುತ್ತಾರೆ? ನಮ್ಮ ಕಂಪನಿಯ ಎಚ್‌ಆರ್ ಓದಬಹುದಾ? ನನ್ನ ಬಗ್ಗೆ ಅವರು ಏನು ಬರೆದುಕೊಂಡರು ಅಂತ ನಾನು ನೋಡಬಹುದಾ? ಅಪ್ಪನ ಹತ್ತಿರ ಫೋನಿನಲ್ಲಿ ಹೇಳಿದರೆ "ನನ್ನ ಜಾತಕ ಅವರಿಗೆ ಯಾಕಪ್ಪ?" ಅಂದರು. ಉತ್ತರ ಕೊಡೋಕೆ ಆಗಲಿಲ್ಲ.

ಹಳೇ_ಕಾಂಟ್ರಾಕ್ಟರ್:

ಮೊದಲು ಎಚ್‌ಆರ್ ವಿಷಯ. ಓದುವ ಹಾಗಿಲ್ಲ. ಕಂಪನಿಯಲ್ಲಿ ಎಫ್‌ಎಸ್‌ಒ ಅಂತ ಒಬ್ಬ ಸೆಕ್ಯೂರಿಟಿ ಅಧಿಕಾರಿ ಇರುತ್ತಾರೆ, ಅವರು ನಿಮ್ಮ ಫಾರಂ ನೋಡುವುದು ಎಲ್ಲಾ ಕಡೆ ತುಂಬಿದ್ದೀರಾ ಅಂತ ತಿಳಿಯಲು ಮಾತ್ರ. ಅದರಲ್ಲಿರುವುದನ್ನು ಬಡ್ತಿಗೆ, ಸಂಬಳಕ್ಕೆ, ಬೇರೆ ಯಾವುದಕ್ಕೂ ಬಳಸಬಾರದು, ಬೇರೆಯವರಿಗೆ ಹೇಳಬಾರದು. ನಿಮ್ಮ ಕ್ಲಿಯರೆನ್ಸ್ ತೀರ್ಮಾನ ಆದ ಮೇಲೆ ತಮ್ಮ ಹತ್ತಿರ ಇರುವ ಪ್ರತಿಯನ್ನು ನಾಶ ಮಾಡಬೇಕು. ಇದು ನಿಯಮದಲ್ಲೇ ಇದೆ. ನಿಮ್ಮ ಮ್ಯಾನೇಜರ್ ಬಂದು "ನನಗೂ ಒಂದು ಕಾಪಿ ಕಳಿಸಿ" ಅಂದರೆ ಧೈರ್ಯವಾಗಿ ಆಗಲ್ಲ ಅನ್ನಿ.

ನಿಮ್ಮ ಹಿನ್ನೆಲೆಯ ತನಿಖೆ ಮಾಡಿ ಕಡತ ಇಟ್ಟುಕೊಳ್ಳುವುದು ಈಗ ಡಿಸಿಎಸ್‌ಎ ಅನ್ನುವ ಸಂಸ್ಥೆ, ಅದು ರಕ್ಷಣಾ ಇಲಾಖೆಯದ್ದು. ಎಫ್‌ಬಿಐ, ಸಿಐಎ ತರಹದವರು ತಮ್ಮದನ್ನು ತಾವೇ ಮಾಡಿಕೊಳ್ಳುತ್ತಾರೆ, ಉಳಿದ ಬಹುಪಾಲು ಇವರ ಪಾಲಿಗೆ. 2019ಕ್ಕೆ ಮುಂಚೆ ಈ ಕೆಲಸ ಒಪಿಎಂ ಕೈಯಲ್ಲಿತ್ತು. ಅಂದರೆ ಕೇಂದ್ರ ಸರ್ಕಾರದ ಸಿಬ್ಬಂದಿ ಕಚೇರಿ. ಕಳವಾಗಿದ್ದು ಅಲ್ಲೇ.

ಅದು ಹೇಗಾಯಿತು ಅಂತ ತಿಳಿದುಕೊಳ್ಳುವುದು ಒಳ್ಳೆಯದು. 2014ರ ಮಾರ್ಚ್‌ನಲ್ಲೇ ಒಳಗೆ ಯಾರೋ ಸೇರಿಕೊಂಡಿದ್ದಾರೆ ಅಂತ ಒಪಿಎಂಗೆ ಗೊತ್ತಾಗಿತ್ತು. ಸುಮ್ನೆ ನೋಡುತ್ತಾ ಇದ್ದು, ಮೇ ಕೊನೆಯಲ್ಲಿ ಒಂದೇ ಸಲ ಹೊರಗೆ ಹಾಕಿದರು. ಆದರೆ ಅದೇ ಮೇ ತಿಂಗಳ ಶುರುವಿನಲ್ಲಿ ಇನ್ನೊಬ್ಬರು ತನಿಖೆಯ ಕೆಲಸ ಮಾಡುತ್ತಿದ್ದ ಕಾಂಟ್ರಾಕ್ಟ್ ಕಂಪನಿಯೊಂದರ ಲಾಗಿನ್ ಹಿಡಿದು ಒಳಗೆ ಬಂದಾಗಿತ್ತು. ಅವರು ಯಾರ ಕಣ್ಣಿಗೂ ಬೀಳಲಿಲ್ಲ. ಜುಲೈ, ಆಗಸ್ಟ್‌ನಲ್ಲಿ ತನಿಖೆಯ ಕಡತಗಳು ಹೋದವು, ಡಿಸೆಂಬರ್‌ನಲ್ಲಿ ನೌಕರರ ಸೇವಾ ದಾಖಲೆಗಳು, ಆಮೇಲೆ ಬೆರಳಚ್ಚು. ಗೊತ್ತಾಗಿದ್ದು 2015ರ ಏಪ್ರಿಲ್‌ನಲ್ಲಿ. ತನಿಖೆಯ ಕಡತಗಳಿಂದ ಹೋದ ಲೆಕ್ಕ 2.15 ಕೋಟಿ ಜನರದ್ದು. ಬೆರಳಚ್ಚು ಮೊದಲು 11 ಲಕ್ಷ ಅಂದರು, ಸೆಪ್ಟೆಂಬರ್‌ಗೆ 56 ಲಕ್ಷ ಅಂತ ತಿದ್ದಿದರು. ಪಾಸ್‌ವರ್ಡ್ ಬದಲಾಯಿಸಬಹುದು, ಬೆರಳು ಬದಲಾಯಿಸೋಕೆ ಆಗುತ್ತಾ?

ಕೀಲಿ ಇಲ್ಲದೆ ಓದಲಾಗದ ಹಾಗೆ ಎನ್‌ಕ್ರಿಪ್ಟ್ ಮಾಡಿದ್ದರೆ ಉಳಿಯುತ್ತಿತ್ತು ಅಂತ ಎಲ್ಲರೂ ಹೇಳುತ್ತಾರೆ. ಆಗ ಸಂಸತ್ತಿನ ವಿಚಾರಣೆಯಲ್ಲಿ ಅಧಿಕಾರಿಗಳು ಹೇಳಿದ್ದು ಬೇರೆ: ಕಳ್ಳರ ಕೈಯಲ್ಲಿ ಸರಿಯಾದ ಲಾಗಿನ್ನೇ ಇತ್ತು, ಹಾಗಾಗಿ ಎನ್‌ಕ್ರಿಪ್ಷನ್ ಇದ್ದರೂ ಅವರಿಗೆ ತೆರೆದೇ ಇರುತ್ತಿತ್ತು. ನನ್ನ ಪ್ರಕಾರ ಅದು ಸರಿಯಾದ ಮಾತು. ಬರೀ ಪಾಸ್‌ವರ್ಡಿನಿಂದ ಒಳಗೆ ಬಿಡದೆ ಗುರುತಿನ ಕಾರ್ಡನ್ನೂ ಕೇಳಬೇಕಿತ್ತು. ಒಂದು ಕಾಂಟ್ರಾಕ್ಟರ್ ಲಾಗಿನ್‌ಗೆ ಅಷ್ಟೊಂದು ಕಡೆ ದಾರಿ ಇರಬಾರದಿತ್ತು. ಒಪಿಎಂನ ಆಂತರಿಕ ತನಿಖಾಧಿಕಾರಿ 2014ರಲ್ಲೇ 47 ಸಿಸ್ಟಂಗಳ ಪೈಕಿ 11ಕ್ಕೆ ಸರಿಯಾದ ಭದ್ರತಾ ಒಪ್ಪಿಗೆಯೇ ಇಲ್ಲ ಅಂತ ಬರೆದಿದ್ದರು. ಬರೆದದ್ದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ, ಅದೇ ನನಗೆ ಇವತ್ತಿಗೂ ಸಿಟ್ಟು ತರಿಸುವುದು. ಒಪಿಎಂ ಮುಖ್ಯಸ್ಥೆ 2015ರ ಜುಲೈನಲ್ಲಿ ರಾಜೀನಾಮೆ ಕೊಟ್ಟರು. 2022ರಲ್ಲಿ ಕೋರ್ಟಿನಲ್ಲಿ 6.3 ಕೋಟಿ ಡಾಲರ್‌ಗೆ ರಾಜಿ ಆಯಿತು, ಅದೂ ಕೈಯಿಂದ ದುಡ್ಡು ಕಳೆದುಕೊಂಡೆ ಅಂತ ತೋರಿಸಿದವರಿಗೆ ಮಾತ್ರ.

ಕಡತಗಳ_ಜೊತೆ:

ನಾನು ಇಲ್ಲಿ ಒಂದು ಸರ್ಕಾರಿ ಕಚೇರಿಯ ದಾಖಲೆ ವಿಭಾಗದಲ್ಲಿದ್ದೇನೆ, ಕ್ಲಿಯರೆನ್ಸ್ ಕಡತ ಅಲ್ಲ, ಆದರೆ ಕಾನೂನು ಅದೇ. ಹೊರಗಿನ ಕಳ್ಳರ ಬಗ್ಗೆ ಹಳೇ_ಕಾಂಟ್ರಾಕ್ಟರ್ ಅವರು ಚೆನ್ನಾಗಿ ಹೇಳಿದ್ದಾರೆ. ನನಗೆ ಒಳಗಿನವರ ಬಗ್ಗೆ ಚಿಂತೆ ಜಾಸ್ತಿ.

ಅದೇ 2015ರಲ್ಲಿ ಅಮೆರಿಕದ ಅಧ್ಯಕ್ಷರಿಗೆ ಕಾವಲಿರುವ ಸೀಕ್ರೆಟ್ ಸರ್ವಿಸ್‌ನಲ್ಲಿ ಆದದ್ದು ಕೇಳಿ. ಜೇಸನ್ ಚಾಫೆಟ್ಜ್ ಅಂತ ಒಬ್ಬ ಸಂಸದ, ಸರ್ಕಾರಿ ಕಚೇರಿಗಳ ಮೇಲೆ ನಿಗಾ ಇಡುವ ಸಮಿತಿಯ ಅಧ್ಯಕ್ಷ. ಸೀಕ್ರೆಟ್ ಸರ್ವಿಸ್ ಮುಖ್ಯಸ್ಥರನ್ನು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದರು. ಈತ ಬಹಳ ಹಿಂದೆ ಅದೇ ಸಂಸ್ಥೆಗೆ ಕೆಲಸಕ್ಕೆ ಅರ್ಜಿ ಹಾಕಿದ್ದರು, ಸಿಕ್ಕಿರಲಿಲ್ಲ. ವಿಚಾರಣೆ ನಡೆಯುತ್ತಿರುವಾಗಲೇ ಒಬ್ಬ ಆ ಹಳೇ ಕಡತ ತೆಗೆದು ನೋಡಿದ. ಆಮೇಲೆ ಬಾಯಿಂದ ಬಾಯಿಗೆ ಹೋಗಿ ಒಟ್ಟು 45 ಜನ ಸುಮಾರು 60 ಸಲ ನೋಡಿದರು. ಅದರಲ್ಲಿ ಕೆಲಸದ ಕಾರಣ ಇತ್ತು ಅನ್ನಬಹುದಾದವರು ನಾಲ್ಕೇ ಜನ. ಕೆಲವೇ ದಿನಗಳಲ್ಲಿ ಪತ್ರಿಕೆಯಲ್ಲೂ ಬಂತು. ಹ್ಯಾಕರ್ ಇಲ್ಲ, ವೈರಸ್ ಇಲ್ಲ, ಎಲ್ಲರೂ ತಮ್ಮದೇ ಲಾಗಿನ್‌ನಿಂದ ನೋಡಿದವರು. ಯಾರು ಯಾವಾಗ ತೆರೆದರು ಅನ್ನುವ ದಾಖಲೆ ಉಳಿದಿದ್ದರಿಂದಲೇ ಸಿಕ್ಕಿಬಿದ್ದರು, 41 ಜನರ ಮೇಲೆ ಶಿಸ್ತು ಕ್ರಮ ಆಯಿತು. ನಮ್ಮ ಕಚೇರಿಯಲ್ಲಿ ಹೊಸಬರಿಗೆ ನಾನು ಈ ಕಥೆಯನ್ನೇ ಹೇಳುತ್ತೇನೆ.

2018ರಲ್ಲಿ ಇನ್ನೊಂದು. ಅಬಿಗೈಲ್ ಸ್ಪ್ಯಾನ್‌ಬರ್ಗರ್ ವರ್ಜೀನಿಯಾದಿಂದ ಚುನಾವಣೆಗೆ ನಿಂತಿದ್ದರು. ಎದುರು ಪಕ್ಷದ ಪರ ಕೆಲಸ ಮಾಡುವ ಒಂದು ಗುಂಪು ಮಾಹಿತಿ ಹಕ್ಕಿನ ಅರ್ಜಿ ಹಾಕಿತು. ಸ್ಪ್ಯಾನ್‌ಬರ್ಗರ್ ಹಿಂದೆ ಅಂಚೆ ತನಿಖಾ ವಿಭಾಗದಲ್ಲಿದ್ದವರು. ಅಂಚೆ ಇಲಾಖೆ ಇಡೀ ಸೇವಾ ಕಡತವನ್ನೇ ಕೊಟ್ಟುಬಿಟ್ಟಿತು, ಒಂದು ಸಾಲೂ ಕಪ್ಪು ಮಾಡದ ಎಸ್‌ಎಫ್-86 ಸಮೇತ. ಆಮೇಲೆ ತಪ್ಪಾಯಿತು ಅಂತ ಕ್ಷಮೆ ಕೇಳಿದರು. ಆದರೆ ಆಕೆ ಸಿಐಎಯಲ್ಲಿ ಗುಪ್ತವಾಗಿ ಕೆಲಸ ಮಾಡಿದವರು, ಕೊಟ್ಟಿದ್ದು ವಾಪಸ್ ಬರುತ್ತಾ?

ಈಗ ಕಾನೂನು. 1974ರ ಪ್ರೈವಸಿ ಆಕ್ಟ್. ವಾಟರ್‌ಗೇಟ್ ಹಗರಣ ಆದ ಬೆನ್ನಿಗೇ ಬಂದದ್ದು. ನಿಮ್ಮ ಕಡತವನ್ನು ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಯಾರಿಗೂ ಕೊಡಬಾರದು ಅನ್ನುವುದು ಮೂಲ. ಅದಕ್ಕೆ 12 ವಿನಾಯಿತಿ ಇವೆ, ಕೆಲಸಕ್ಕೆ ಬೇಕಾದ ಅದೇ ಸಂಸ್ಥೆಯ ನೌಕರರು, ಕೋರ್ಟಿನ ಆದೇಶ, ಹೀಗೆ. ಬಹಳ ಅಗಲವಾದ ಬಾಗಿಲು ಅಂದರೆ "ವಾಡಿಕೆಯ ಬಳಕೆ" ಅನ್ನುವುದು. ಯಾವುದಕ್ಕೆಲ್ಲ ಕೊಡುತ್ತೇವೆ ಅಂತ ಮೊದಲೇ ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟಿಸಿದರೆ ಸಾಕು, ಆಮೇಲೆ ಅದರಂತೆ ಕೊಡಬಹುದು. ಡಿಸಿಎಸ್‌ಎಯ ಪಟ್ಟಿ ಉದ್ದ ಇದೆ, ಬೇಜಾರಾದರೂ ಒಮ್ಮೆ ಓದಿ. ಜೊತೆಗೆ ಫಾರಂ ಕೊನೆಯಲ್ಲಿ ನೀವು ಸಹಿ ಹಾಕುವ ಒಪ್ಪಿಗೆ ಪತ್ರಗಳಿರುತ್ತವಲ್ಲ, ಅದನ್ನು ತೋರಿಸಿಯೇ ಅವರು ನಿಮ್ಮ ಹಳೇ ಆಫೀಸು, ಕಾಲೇಜು, ಬ್ಯಾಂಕಿನ ಬಾಗಿಲು ತಟ್ಟುವುದು.

ನಿಮ್ಮ ಕಡತ ನೀವು ಖಂಡಿತ ಕೇಳಬಹುದು. ಪೆನ್ಸಿಲ್ವೇನಿಯಾದ ಬಾಯರ್ಸ್‌ನಲ್ಲಿ ಅದಕ್ಕೊಂದು ಕಚೇರಿ ಇದೆ. ಸಹಿ ಹಾಕಿದ ಅರ್ಜಿ, ಗುರುತಿನ ದಾಖಲೆ ಕಳಿಸಬೇಕು, ಕಾಯಬೇಕು. ಅಕ್ಕಪಕ್ಕದವರು, ಹಳೇ ಬಾಸ್ ನಿಮ್ಮ ಬಗ್ಗೆ ಏನು ಹೇಳಿದರು ಅನ್ನುವುದೂ ಅದರಲ್ಲಿರುತ್ತದೆ. ಹೆಸರು ಹೇಳುವುದಿಲ್ಲ ಅಂತ ತನಿಖೆಯವರು ಬಾಯಿಬಿಟ್ಟು ಮಾತು ಕೊಟ್ಟಿದ್ದರೆ ಮಾತ್ರ ಆ ಭಾಗ ಮುಚ್ಚಬಹುದು. ತಪ್ಪಿದ್ದರೆ ತಿದ್ದಿ ಅಂತಲೂ ಕೇಳಬಹುದು.

ರಾಜಾಜಿನಗರ_ರಘು:

ನಾನು ಬೆಂಗಳೂರಿನಲ್ಲಿರುವವನು. ನನ್ನ ತಂಗಿ ಅಲ್ಲಿದ್ದಾಳೆ, ಈ ಫಾರಂನಲ್ಲಿ ನನ್ನ ವಿವರ ಎಲ್ಲಾ ಬರೆದಿದ್ದಾಳೆ. ನನ್ನನ್ನು ಯಾರೂ ಕೇಳಲಿಲ್ಲ. ಮೇಡಂ, ನನಗೂ ಆ ಪ್ರೈವಸಿ ಆಕ್ಟ್ ಅನ್ವಯಿಸುತ್ತಾ? ನನ್ನ ಹೆಸರಿನ ಮುಂದೆ ಏನಿದೆ ಅಂತ ಕೇಳಬಹುದಾ?

ಕಡತಗಳ_ಜೊತೆ:

ಇಲ್ಲ ರಘು ಅವರೇ. ಆ ಕಾನೂನಿನಲ್ಲಿ ಹಕ್ಕು ಇರುವುದು ಅಮೆರಿಕದ ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ. ಆಮೇಲೆ ಯುರೋಪಿನ ಹಲವು ದೇಶಗಳವರಿಗೆ ಇನ್ನೊಂದು ಕಾನೂನಿನಿಂದ ಸ್ವಲ್ಪ ಮಟ್ಟಿಗೆ ಕೊಟ್ಟರು, ಭಾರತ ಆ ಪಟ್ಟಿಯಲ್ಲಿ ಇಲ್ಲ.

ಇದಕ್ಕಿಂತ ನೋವಿನ ವಿಷಯ ಒಂದಿದೆ. ಆ 2.15 ಕೋಟಿ ಅನ್ನುವ ಲೆಕ್ಕ ಇಲ್ಲಿನ ಆಧಾರ್ ತರಹದ ಸೋಷಿಯಲ್ ಸೆಕ್ಯೂರಿಟಿ ನಂಬರ್ ಕಳುವಾದವರದ್ದು. 1.97 ಕೋಟಿ ಅರ್ಜಿದಾರರು, 18 ಲಕ್ಷ ಬೇರೆಯವರು, ಅದರಲ್ಲಿ ಹೆಚ್ಚಿನವರು ಗಂಡ, ಹೆಂಡತಿ, ಜೊತೆಗೆ ವಾಸ ಇರುವವರು. ಫಾರಂನಲ್ಲಿ ಬರೀ ಹೆಸರು, ವಿಳಾಸ, ಹುಟ್ಟಿದ ದಿನ ಇದ್ದ ಅಣ್ಣ ತಮ್ಮ, ಅಪ್ಪ ಅಮ್ಮ, ಸ್ನೇಹಿತರು ಆ ಲೆಕ್ಕದಲ್ಲೇ ಇಲ್ಲ. ಅವರಿಗೆ ಪತ್ರವೂ ಹೋಗಲಿಲ್ಲ. ಅಂಥ ವಿವರ ಹೇಗೂ ಹೊರಗೆ ಸಿಗುವಂಥದ್ದು ಅನ್ನುವ ಧಾಟಿಯಲ್ಲಿ ಒಪಿಎಂ ಉತ್ತರ ಕೊಟ್ಟಿತು. ನಾನು ಇದನ್ನು ಒಪ್ಪುವುದಿಲ್ಲ. ಶಿವಮೊಗ್ಗದ ಒಬ್ಬ ನಿವೃತ್ತ ಇಂಜಿನಿಯರ್ ವಿಳಾಸ ಹೊರಗೆ ಸಿಗಬಹುದು, ಆದರೆ ಅವರ ಮಗ ಅಮೆರಿಕದ ರಕ್ಷಣಾ ಇಲಾಖೆಯ ಕೆಲಸದಲ್ಲಿದ್ದಾನೆ, ಮನೆಗೆ ವಾರಕ್ಕೆ ಎಷ್ಟು ಸಲ ಫೋನ್ ಮಾಡುತ್ತಾನೆ ಅನ್ನುವುದು ಟೆಲಿಫೋನ್ ಡೈರೆಕ್ಟರಿಯಲ್ಲಿ ಸಿಗುವುದಿಲ್ಲ. ಅವೆರಡನ್ನೂ ಸೇರಿಸಿ ಇಟ್ಟಿರುವುದು ಈ ಕಡತ ಮಾತ್ರ.

ತುಂಗಾತೀರ_ಮೇರಿಲ್ಯಾಂಡ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಗಾದರೆ ಅಪ್ಪ ಅಮ್ಮನ ವಿವರ ಆದಷ್ಟು ಕಡಿಮೆ ಬರೆದರೆ? ಸೈಟ್ ವಿಷಯ ಬಿಟ್ಟರೆ?

ಹಳೇ_ಕಾಂಟ್ರಾಕ್ಟರ್:

ಬೇಡ ಮಾರಾಯರೇ, ಖಂಡಿತ ಬೇಡ. ಗೊತ್ತಿದ್ದೂ ಬಿಟ್ಟರೆ ಅದು ಕೇಂದ್ರ ಕಾನೂನಿನ ಪ್ರಕಾರ ಅಪರಾಧ, ಐದು ವರ್ಷದವರೆಗೆ ಜೈಲು ಆಗಬಹುದು. ಜೊತೆಗೆ ಈಗ ಹಲವು ವರ್ಷಕ್ಕೊಮ್ಮೆ ಮಾತ್ರ ಮರುತನಿಖೆ ಮಾಡುವ ಪದ್ಧತಿ ಹೋಗಿದೆ, ಕ್ಲಿಯರೆನ್ಸ್ ಇರುವಷ್ಟು ಕಾಲ ಪೊಲೀಸ್, ಸಾಲದ ದಾಖಲೆಗಳನ್ನು ಕಂಪ್ಯೂಟರ್ ನೋಡುತ್ತಲೇ ಇರುತ್ತದೆ. ಊರಿನಲ್ಲಿ ಅಪ್ಪ ಅಮ್ಮ ಇರುವುದು, ಸೈಟ್ ಇರುವುದು ತಪ್ಪಲ್ಲ, ಅವರಿಗೆ ದಿನಾ ಕಾಣುವ ವಿಷಯ. ಮುಚ್ಚಿಟ್ಟರೆ ಮಾತ್ರ ಅನುಮಾನ.

ಕೇಳಿದ್ದಕ್ಕೆ ಸರಿಯಾಗಿ ಉತ್ತರ ಬರೆಯಿರಿ, ಕೇಳದೆ ಇರುವುದನ್ನು ವಿವರಣೆಯ ಜಾಗದಲ್ಲಿ ತುಂಬಬೇಡಿ. ಅಪ್ಪನ ಬಿಪಿ ಶುಗರ್, ಅಕ್ಕನ ಮನೆ ಸಮಸ್ಯೆ ಅವರಿಗೆ ಬೇಕಿಲ್ಲ. ಸಲ್ಲಿಸುವ ಮುಂಚೆ ನಿಮಗೊಂದು ಪ್ರತಿ ಇಳಿಸಿಕೊಳ್ಳಿ, ಆಫೀಸ್ ಲ್ಯಾಪ್‌ಟಾಪಿನಲ್ಲಿ ಅಲ್ಲ, ಇಮೇಲಿನಲ್ಲೂ ಅಲ್ಲ. ಮತ್ತೆ ರಘು ಅವರು ಹೇಳಿದ್ದು ನೆನಪಿಡಿ: ಯಾರ ಯಾರ ಹೆಸರು ಬರೆದಿದ್ದೀರೋ ಅವರಿಗೆಲ್ಲ ಮೊದಲೇ ಒಂದು ಫೋನ್ ಮಾಡಿ ಹೇಳಿ. ನಿಮ್ಮ ಮಗನ ತನಿಖೆ ಅಂತ ಹೇಳಿಕೊಂಡು ಯಾರಾದರೂ ಫೋನಿನಲ್ಲಿ ಆಧಾರ್ ನಂಬರ್, ಬ್ಯಾಂಕ್ ವಿವರ ಕೇಳಿದರೆ ಕೊಡಬೇಡಿ, ಮೊದಲು ನನಗೆ ತಿಳಿಸಿ ಅಂತ ಅಪ್ಪನಿಗೆ ಸ್ಪಷ್ಟವಾಗಿ ಹೇಳಿಬಿಡಿ.